ಸುಮ್ಮನೆ ಕೂರುವ ಕಾರ್ಡು

ಬುದ್ಧಿ ಕಮ್ಮಿ ಇರುವವರನ್ನು ಹುಡುಕಿಕೊಂಡು ದೂರ ಹೋಗುವುದೇನೂ ಬೇಡ. ಸರ್ಕಾರಿ ನೌಕರಿಗೆ ಸೇರಿದರೆ ಸಾಕು, ಅವರೇ ನಮ್ಮ ಮೇಜಿನ ಹತ್ತಿರ ಬರುತ್ತಾರೆ. ಕೆಲವರು ಅರ್ಜಿ ಹಿಡಿದುಕೊಂಡು ಬರುತ್ತಾರೆ, ಕೆಲವರು ಆರ್ಡರು ಹಿಡಿದುಕೊಂಡು ಬರುತ್ತಾರೆ, ಅಷ್ಟೇ ವ್ಯತ್ಯಾಸ. ನಾನು ಟೆಲಿಫೋನ್ ಟೆಕ್ನಿಷಿಯನ್ ಆಗಿದ್ದವನು. ತೊಂಬತ್ತರ ದಶಕ ಪೂರ್ತಿ ಈ ಎರಡೂ ಜಾತಿಯವರ ಮಧ್ಯೆ ಸಿಕ್ಕಿ ಅರೆದುಹೋದೆ. ಮರೆಯೋಣ ಅಂದರೂ ಮರೆಯಲು ಬಿಡದ ಹಾಗೆ ಒಬ್ಬೊಬ್ಬನೂ ಒಂದೊಂದು ಮಾಡಿಟ್ಟಿದ್ದಾನೆ.

ಮೊದಲು ಆ ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ಆಗ ತಾನೆ ಹಳ್ಳಿಗಳಿಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬರುತ್ತಿತ್ತು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ಪುಸ್ತಕ ಜೋಡಿಸಿದ ಹಾಗೆ ಸಾಲಾಗಿ ಕಾರ್ಡುಗಳು. ಅದರಲ್ಲಿ ಒಂದು ಕಾರ್ಡು ಊರಾಚೆಗೆ ಹೋಗುವ ಕರೆಗಳದ್ದು. ಅದು ಕೆಟ್ಟರೆ ಊರಿನವರು ಊರಿನವರ ಜೊತೆ ಮಾತ್ರ ಮಾತಾಡಿಕೊಂಡಿರಬೇಕು, ಹೊರಗಿನ ಲೋಕ ಬಂದ್. ಅದಕ್ಕೇ ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಕಾರ್ಡು ಇಟ್ಟಿರುತ್ತಾರೆ. ಇದಕ್ಕೆ ಏನೂ ಕೆಲಸವಿಲ್ಲ, ಸುಮ್ಮನೆ ಕೂತಿರುವುದೇ ಕೆಲಸ. ಮೊದಲನೆಯದು ಕೆಟ್ಟ ಗಳಿಗೆಗೆ ಇದು ತಾನಾಗಿ ಎದ್ದು ಕೆಲಸ ವಹಿಸಿಕೊಳ್ಳುತ್ತದೆ. ಫೋನಿನಲ್ಲಿ ಮಾತಾಡುತ್ತಿರುವವನಿಗೆ ಗೊತ್ತೂ ಆಗುವುದಿಲ್ಲ. ಇಷ್ಟೇ ವಿಷಯ. ಮೂರನೇ ಕ್ಲಾಸಿನ ಮಗುವಿಗೆ ಹೇಳಿದರೂ ಅರ್ಥವಾಗುತ್ತದೆ. ಆದರೆ ನನಗೆ ಸಿಕ್ಕವರು ಮೂರನೇ ಕ್ಲಾಸು ದಾಟಿದವರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಒಂದೊಂದು ಎಕ್ಸ್‌ಚೇಂಜಿಗೆ ಈ ಜೋಡಿ ಕಾರ್ಡು ಕೂರಿಸಿ ಕಾಯುವ ಜವಾಬ್ದಾರಿ ನನ್ನದು. ನನ್ನ ಠಿಕಾಣಿ ನಾಗಮಂಗಲ. ಮನೆ ಪಾಂಡವಪುರದಲ್ಲಿ. ಹೆಂಡತಿ ಅಲ್ಲೇ ಶಾಲೆಯಲ್ಲಿ ಮೇಡಮ್ಮು, ಬಿಟ್ಟು ಬರುವ ಹಾಗಿಲ್ಲ. ಐದು ವರ್ಷದಿಂದ ನಾನು ಶನಿವಾರ ಸಂಜೆ ಬರುವ ನೆಂಟ, ಸೋಮವಾರ ಬೆಳಿಗ್ಗೆ ಹೋಗುವ ನೆಂಟ. ಪಾಂಡವಪುರಕ್ಕೆ ವರ್ಗ ಮಾಡಿ ಅಂತ ಅರ್ಜಿ ಹಾಕಿ ಹಾಕಿ ಬೇಸತ್ತಾಗ, ನಮ್ಮ ದೊಡ್ಡ ಸಾಹೇಬರು ಒಂದು ದಿನ ಹೇಳಿದರು: "ನಿನ್ನ ಹೆಸರು ಪಟ್ಟಿಯಲ್ಲಿ ಹಾಕಿದ್ದೀನಿ. ಆದರೆ ಎಚ್ಚರ, ಮೂರು ಮೆಮೊ ಬಂತೋ, ಹೆಸರು ಹೊಡೆದು ಹಾಕ್ತೀನಿ."

ಮೂರು ತಾನೆ, ಬರುವುದಿಲ್ಲ ಬಿಡಿ ಅಂದುಕೊಂಡೆ. ನನ್ನ ಪೆದ್ದುತನ ಅಲ್ಲಿಂದಲೇ ಶುರು.

೧. ಸರದಿ

ಮೊದಲನೆಯದು ಪಾಲಹಳ್ಳಿ ಹತ್ತಿರದ ಒಂದು ಹಳ್ಳಿಯ ಎಕ್ಸ್‌ಚೇಂಜು. ಅಲ್ಲಿ ನೋಡಿಕೊಳ್ಳುವವರು ಐವತ್ತು ದಾಟಿದ ಒಬ್ಬ ಯಜಮಾನರು. ಗದ್ದೆ, ಕಬ್ಬು, ನಾಲ್ಕು ಸೀಮೆ ಹಸು ಎಲ್ಲಾ ಇತ್ತು. ಇಲಾಖೆ ಕೆಲಸ ಅವರಿಗೆ ಬಿಸಿಲಿನಿಂದ ತಪ್ಪಿಸಿಕೊಂಡು ನೆರಳಿನಲ್ಲಿ ಕೂರುವುದಕ್ಕೆ.

ಆ ಊರಿನಿಂದ ಒಂದೇ ಸಮನೆ ದೂರು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಹೊರಗಿನ ಕರೆಗಳೆಲ್ಲ ಕಟ್. ನಾನು ಹೋದ ದಿನ ಒಬ್ಬ ಗೌಡರು ದಾರಿಯಲ್ಲೇ ಅಡ್ಡ ಹಾಕಿಕೊಂಡರು.

"ಏನ್ಲಾ ನಿಮ್ ಮಿಸೀನು? ಬೀಗ್ರ ತಾವ ಮದ್ವೆ ಮಾತು ಆಡ್ತಾ ಇದ್ರೆ ಮಧ್ಯಕ್ಕೇ ಕಟ್ಟಾಯ್ತದೆ. ನಾನೇ ಸಿಟ್ಟಾಗಿ ಮಡಗ್ಬುಟ್ಟೆ ಅಂತ ಅವ್ರು ಮುನಿಸ್ಕಂಡು ಕೂತವ್ರೆ."

"ಊರೊಳಗೆ ಮಾತಾಡೋಕೆ ತೊಂದರೆ ಇಲ್ವಲ್ಲ ಗೌಡ್ರೆ?" ಅಂದೆ, ಸಮಾಧಾನ ಮಾಡಲು.

"ಊರೊಳಗೆ ಮಾತಾಡಕ್ಕೆ ಫೋನ್ ಯಾಕ್ಲಾ? ಜಗಲಿ ಮ್ಯಾಲೆ ನಿಂತ್ಕಂಡು ಕೂಗುದ್ರೆ ಆಗಾಕಿಲ್ವಾ?"

ಒಳಗೆ ಹೋಗಿ ಕೂತೆ. ಸೋಮವಾರವೇ ಆಗಿತ್ತು. ಹತ್ತು ಗಂಟೆ ಹೊಡೆಯಿತು. ನಮ್ಮ ಯಜಮಾನರು ಎದ್ದು ಟವಲಿನಲ್ಲಿ ಕೈ ಒರೆಸಿಕೊಂಡು, ಪೆಟ್ಟಿಗೆಯ ಬಾಗಿಲು ತೆಗೆದು, ಕೆಲಸ ಮಾಡುತ್ತಿದ್ದ ಕಾರ್ಡನ್ನು ಹಲ್ಲು ಕಿತ್ತ ಹಾಗೆ ಕಿತ್ತು ಪಕ್ಕಕ್ಕಿಟ್ಟರು. ಸುಮ್ಮನೆ ಕೂತಿದ್ದ ಕಾರ್ಡನ್ನು ಕಿತ್ತು ಇದರ ಜಾಗಕ್ಕೆ ಗುದ್ದಿ ಕೂರಿಸಿದರು. ಮೊದಲನೆಯದನ್ನು ಅದರ ಜಾಗಕ್ಕೆ ತಳ್ಳಿದರು.

"ಅಯ್ಯಯ್ಯೋ, ಏನ್ರೀ ಇದು?"

"ಸರದಿ ಸಾ."

"ಯಾವ ಸರದಿ?"

"ನಾಲೆ ನೀರ್‌ನ ಸರದಿ ಮ್ಯಾಲೆ ಬುಡಾಕಿಲ್ವಾ? ಒಂದ್ವಾರ ಮ್ಯಾಗಲ ಗದ್ದೆ, ಒಂದ್ವಾರ ಕೆಳಗಲ ಗದ್ದೆ. ಅಂಗೇ ಇದೂವೆ. ಒಬ್ನೇ ಎಷ್ಟು ದಿನ ದುಡುದಾನು ಸಾ? ಇನ್ನೊಬ್ಬ ಮಗ್ಗುಲಲ್ಲೇ ತಿಂದ್ಕಂಡು ಕೂತಿರ್ತನೆ. ನನ್ ಕಣ್ಣಲ್ಲಿ ನೋಡಕ್ಕಾಗ್ಲಿಲ್ಲ."

ಕೂರಿಸಿಕೊಂಡು ಹೇಳಿದೆ. ಅದಕ್ಕೆ ಕೂರುವುದೇ ಕೆಲಸ, ಮೊದಲನೆಯದು ಕೆಟ್ಟರೆ ತಾನಾಗಿ ಏಳುತ್ತದೆ, ನೀವು ಮುಟ್ಟಬೇಡಿ ಅಂತ ಕೈ ಮುಗಿದು ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಅಣ್ಣ ಸತ್ತು ಬೀಳೋಗಂಟ ತಮ್ಮ ನೋಡ್ಕಂಡು ಕೂತಿರ್ತನೆ?"

"ಹೌದು."

"ಥೂ! ಅಂಥ ತಮ್ಮ ಯಾರ್ ಮನೇಗೂ ಬ್ಯಾಡ ಬುಡಿ ಸಾ."

ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ವಾರ ವಾರ ಕಿತ್ತು ಗುದ್ದಿ ಒಂದು ಕಾರ್ಡಿನ ಹಿಂದಿನ ಸೂಜಿಗಳೆಲ್ಲ ಬಾಗಿ, ಎರಡು ಮುರಿದೇ ಹೋಗಿದ್ದವು. ಆ ಕಾರ್ಡು ಸತ್ತಿತು. ರಿಪೇರಿಗೆ ಕಳಿಸಿದೆ. ನಮ್ಮ ಇಲಾಖೆಯಲ್ಲಿ ರಿಪೇರಿಗೆ ಕಳಿಸುವುದು ಅಂದರೆ ಕಾವೇರಿಯಲ್ಲಿ ಅಸ್ಥಿ ಬಿಟ್ಟ ಹಾಗೆ, ತಿರುಗಿ ಬಂದದ್ದು ಯಾರೂ ಕಂಡಿಲ್ಲ. ಸಿಬ್ಬಂದಿಗೆ ಸರಿಯಾಗಿ ತಿಳಿವಳಿಕೆ ಕೊಟ್ಟಿಲ್ಲ ಅಂತ ನನಗೆ ಒಂದನೇ ಮೆಮೊ ಬಂತು.

ಮುರಿದ ಸೂಜಿಗಳನ್ನು ಯಜಮಾನರ ಮುಂದೆ ಹಿಡಿದು, ನೋಡಿ ನಿಮ್ಮ ಕೈಗುಣ ಅಂದೆ. ಅವರು ಕನ್ನಡಕ ಏರಿಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು ಅಂದರು:

"ನಾನ್ ಅವತ್ತೇ ಏಳ್ಲಿಲ್ವಾ ಸಾ? ಕೂತು ಉಂಡೋನ ಗತಿ ಇಷ್ಟೇಯ."

೨. ಪುಸ್ತಕದ ಇಂಜಿನಿಯರು

ಓದು ಬರಹ ಕಮ್ಮಿ ಇದ್ದವರು ಹೀಗೆ ಮಾಡುತ್ತಾರೆ, ಓದಿದವರು ಹೀಗಲ್ಲ ಅಂತ ನೀವು ಅಂದುಕೊಂಡರೆ ನಿಮಗಿಂತ ಅಮಾಯಕರು ಇನ್ನೊಬ್ಬರಿಲ್ಲ. ಎರಡನೆಯದು ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಕಡೆಯ ಎಕ್ಸ್‌ಚೇಂಜು. ಅಲ್ಲಿಗೆ ಒಬ್ಬ ಹೊಸ ಇಂಜಿನಿಯರು ಬಂದರು. ಇಸ್ತ್ರಿ ಶರ್ಟು, ಜೇಬಿನಲ್ಲಿ ಮೂರು ಪೆನ್ನು. ಕಂಕುಳಲ್ಲಿ ಯಾವಾಗಲೂ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಆ ಮಿಷಿನ್ನಿನ ಬಗ್ಗೆ ಕಂಪನಿಯವರು ಕೊಟ್ಟದ್ದು. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಯಾರೂ ಮುಟ್ಟದ ಹಾಗೆ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಊಟಕ್ಕೆ ಹೋದರೂ ಕೀಲಿ ಜನಿವಾರದಲ್ಲಿ.

ಎರಡು ಕಾರ್ಡು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಇಂಥ ಕಾರ್ಡು ಕೆಟ್ಟರೆ ಇಂಥ ಕಾರ್ಡು ಎದ್ದು ನಿಲ್ಲಬೇಕು ಅಂತ ಕಂಪ್ಯೂಟರಿನಲ್ಲಿ ಒತ್ತಿ ಮಿಷಿನ್ನಿಗೆ ಹೇಳಿಕೊಡಬೇಕು. ಅಲ್ಲಿ ಕೆಲಸ ಮಾಡುವ ಕಾರ್ಡಿನ ನಂಬರು ಐದು, ಸುಮ್ಮನೆ ಕೂರುವುದರ ನಂಬರು ಆರು. ಎರಡು ನಿಮಿಷದ ಕೆಲಸ. ನಾನು ಕುರ್ಚಿ ಎಳೆದುಕೊಂಡೆ.

"ಏಳ್ರೀ. ಇದು ಸ್ಕ್ರೂ ಡ್ರೈವರ್ ಕೆಲಸ ಅಲ್ಲ. ಇದಕ್ಕೆ ತಲೆ ಬೇಕು" ಅಂದರು.

ಎದ್ದೆ. ತಲೆ ಇದ್ದವರು ಕೂತರು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಕಬ್ಬಿನ ಗಾಡಿ ಎಣಿಸಿದೆ. ಎರಡು ಗಂಟೆ ಆದ ಮೇಲೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು. ಮುಖದಲ್ಲಿ ಹೆರಿಗೆ ಮಾಡಿಸಿ ಬಂದ ಡಾಕ್ಟರ ಕಳೆ.

"ಆಯ್ತು. ಮಿಷಿನ್ನು ಒಪ್ಪಿಕೊಂಡಿತು."

"ಐದಕ್ಕೆ ಆರು ತಾನೆ ಸಾರ್?" ಅಂದೆ.

"ನೀನು ನನಗೆ ಹೇಳಿಕೊಡ್ತೀಯೇನಯ್ಯಾ?"

ನನಗ್ಯಾಕೆ ಬೇಕು ಊರ ಉಸಾಬರಿ ಅಂತ ಸುಮ್ಮನಾದೆ. ಅದೇ ತಪ್ಪಾಯಿತು. ತಿಂಗಳು ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಕರೆಂಟು ಏರಿಳಿದು ಐದನೇ ಕಾರ್ಡು ಸುಟ್ಟುಹೋಯಿತು. ಆರನೆಯದು ಏಳಬೇಕಿತ್ತು. ಏಳಲಿಲ್ಲ. ಮಾವನ ಮನೆಗೆ ಬಂದ ಅಳಿಯನ ಹಾಗೆ, ತನ್ನ ಮೈಮೇಲಿನ ಪುಟ್ಟ ದೀಪವನ್ನೂ ಹಚ್ಚದೆ ಕೂತೇ ಇತ್ತು. ನಾಗಮಂಗಲದಿಂದ ಬಸ್ಸು ಹತ್ತಿ ಓಡಿದೆ. ಕಂಪ್ಯೂಟರು ತೆರೆದು ನೋಡಿದರೆ ನಮ್ಮ ಇಂಜಿನಿಯರು ಬರೆದಿಟ್ಟದ್ದು ಇಷ್ಟು: ಕೆಲಸ ಮಾಡುವ ಕಾರ್ಡು, ಐದು. ಅದು ಕೆಟ್ಟರೆ ಅದರ ಕೆಲಸ ವಹಿಸಿಕೊಳ್ಳುವ ಕಾರ್ಡು, ಐದು.

ಯಜಮಾನ ಸತ್ತರೆ ಮನೆ ನೋಡಿಕೊಳ್ಳುವವರು ಯಾರು ಅಂದರೆ ಆ ಯಜಮಾನನೇ ಅಂತ ಉಯಿಲು ಬರೆದ ಹಾಗಾಯಿತು. ಅದನ್ನು ಮಿಷಿನ್ನು ಒಪ್ಪಿಕೊಂಡಿದ್ದೇ ಸೋಜಿಗ. ಅದಕ್ಕೂ ನಮ್ಮ ಇಲಾಖೆಯ ಗಾಳಿ ಸೋಕಿತ್ತೋ ಏನೋ.

ಇಂಜಿನಿಯರಿಗೆ ತೋರಿಸಿದೆ. ಪರದೆ ನೋಡಿದರು, ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. ತಪ್ಪಾಯಿತು ಅಂದರೆ ಜೇಬಿನ ಪೆನ್ನು ಉದುರಿಬಿಡುತ್ತವೆಯೇ? ಅನ್ನಲಿಲ್ಲ. ಬಾಗಿಲು ಹಾಕಿಕೊಂಡು ವರದಿ ಬರೆದರು. ಅದರ ಪ್ರತಿ ನನ್ನ ಕೈಗೂ ಬಂತು: "ಮುಖ್ಯ ಕಾರ್ಡು ಹಾಗೂ ಅದರ ರಕ್ಷಣೆಗೆಂದು ನೇಮಿಸಿದ್ದ ಕಾರ್ಡು, ಎರಡೂ ಒಂದೇ ಕ್ಷಣದಲ್ಲಿ ಕೆಟ್ಟಿರುತ್ತವೆ. ಇದು ಅತ್ಯಂತ ಅಪರೂಪದ ಸಂಗತಿ."

ಆರನೆಯದನ್ನು ನಾನೇ ಕೈಯಿಂದ ಕೆಲಸಕ್ಕೆ ಹಚ್ಚಿ ಬಂದೆ. ಅಲ್ಲಿಗೆ ಆ ಊರಿನಲ್ಲೂ ಸುಮ್ಮನೆ ಕೂರುವ ಕಾರ್ಡು ಇಲ್ಲದಂತಾಯಿತು. ಒಂದೇ ದಿನ ಎರಡು ಕಾರ್ಡು ಕೆಡಲು ನಿಮ್ಮ ನಿರ್ಲಕ್ಷ್ಯವೇ ಕಾರಣ ಅಂತ ನನಗೆ ಎರಡನೇ ಮೆಮೊ. ಇಂಜಿನಿಯರ ಮೇಲೆ ದೂರು ಕೊಡೋಣ ಅಂತ ಆ ವರದಿಯನ್ನು ಮೂರು ಸಲ ಓದಿದೆ. ಹಾಳಾದ್ದು, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

೩. ಉತ್ಸವಮೂರ್ತಿ

ಪಾಂಡವಪುರ ತಾಲ್ಲೂಕಿನ ಎಕ್ಸ್‌ಚೇಂಜು ನೋಡಿಕೊಳ್ಳುತ್ತಿದ್ದವರು ದೇವಸ್ಥಾನದ ಮನೆತನದವರು. ತಂದೆ, ತಾತ ಎಲ್ಲ ಅರ್ಚಕರು. ಇವರಿಗೆ ಮಾತ್ರ ಇಲಾಖೆ ನೌಕರಿ. ಶುದ್ಧ ಮನುಷ್ಯರು, ಚಪ್ಪಲಿ ಬಿಟ್ಟೇ ಒಳಗೆ ಬರುತ್ತಿದ್ದರು. ಎರಡು ಮೆಮೊ ತಿಂದಿದ್ದ ನಾನು ಈ ಸಲ ಮೊದಲೇ ಹೋಗಿ, ಜೋಡಿ ಕಾರ್ಡಿನ ವಿಷಯ ಬಿಡಿಸಿ ಬಿಡಿಸಿ ಹೇಳಿದೆ. ಕೆಲಸ ಮಾಡುವ ಕಾರ್ಡಿಗೆ ಧೂಳು ತಾಗಬಾರದು, ನೀರಂತೂ ಸೋಕಲೇಬಾರದು ಅಂದೆ.

"ಅರ್ಥ ಆಯ್ತು ಬಿಡಿ ಸಾರ್. ಗರ್ಭಗುಡಿ ಒಳಗೆ ಮೂಲದೇವರು, ಪಕ್ಕದಲ್ಲಿ ಉತ್ಸವಮೂರ್ತಿ" ಅಂದರು.

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಷ್ಟು ವರ್ಷಕ್ಕೆ ಒಬ್ಬನಿಗಾದರೂ ಅರ್ಥವಾಯಿತಲ್ಲಪ್ಪಾ ಅಂತ ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. "ಜಾಸ್ತಿ ಹಿಗ್ಗಬೇಡಿ" ಅಂದಳು. ಅವಳು ಮೇಡಮ್ಮು, ಅರ್ಥ ಆಯ್ತು ಅಂತ ಮೊದಲು ಕೈ ಎತ್ತುವವರನ್ನು ದಿನಾ ನೋಡುತ್ತಾಳೆ.

ಆಯುಧಪೂಜೆ ಬಂತು. ರಜೆಗೆ ಮನೆಗೆ ಬಂದಿದ್ದವನು ಪ್ರಸಾದಕ್ಕೆಂದು ಆ ಎಕ್ಸ್‌ಚೇಂಜಿಗೆ ಹೋದೆ. ಬಾಗಿಲಿಗೆ ಬಾಳೆಕಂದು, ಪೆಟ್ಟಿಗೆಗೆ ಸೇವಂತಿಗೆ ಹಾರ, ಒಡೆದ ಬೂದುಗುಂಬಳ. ಇರಲಿ, ಎಲ್ಲ ಕಡೆ ಮಾಡುತ್ತಾರೆ. ಆಮೇಲೆ ನೋಡುತ್ತೇನೆ, ತಾಮ್ರದ ಹರಿವಾಣದಲ್ಲಿ ಎರಡನೇ ಕಾರ್ಡು, ಮೈತುಂಬ ಗಂಧ, ಸುತ್ತ ಬೆಳ್ಳಗೆ ಏನೋ ನಿಂತಿದೆ.

"ಇದ್ಯಾಕ್ರೀ ಒದ್ದೆ ಆಗಿದೆ?"

"ಅಭಿಷೇಕ ಆಯ್ತಲ್ಲ ಸಾರ್."

"ಯಾತರಲ್ಲಿ?"

"ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಕೊನೆಗೆ ಎಳನೀರು. ಏನೂ ಕಮ್ಮಿ ಮಾಡಿಲ್ಲ."

ಅವರೇ ಮುಂದುವರಿಸಿದರು: "ಮೂಲದೇವರಿಗೆ ನೀರು ಸೋಕಬಾರದು ಅಂತ ನೀವೇ ಹೇಳಿದ್ರಿ. ನಮ್ಮ ದೇವಸ್ಥಾನದಲ್ಲೂ ಗಾರೆಯ ಮೂಲದೇವರಿಗೆ ನೀರು ಹಾಕಲ್ಲ, ಉತ್ಸವಮೂರ್ತಿಗೇ ಅಭಿಷೇಕ. ಅಷ್ಟು ಜವಾಬ್ದಾರಿ ಇಲ್ವಾ ನನಗೆ?"

ಒರೆಸಿದೆ, ಬಿಸಿಲಿಗಿಟ್ಟೆ, ಫ್ಯಾನಿನ ಕೆಳಗಿಟ್ಟೆ. ಮೂರನೇ ದಿನಕ್ಕೆ ಇರುವೆ ಮುತ್ತಿದವು. ಮೊದಲನೇ ಕಾರ್ಡು ದೇವರ ದಯೆಯಿಂದ ನಡೆಯುತ್ತಿತ್ತು, ಫೋನು ನಿಲ್ಲಲಿಲ್ಲ, ಹಾಗಾಗಿ ಮೆಮೊ ಬರಲಿಲ್ಲ. ಆದರೆ ಮೂರನೇ ಊರಿನ ಜೋಡಿ ಕಾರ್ಡೂ ಹೋಯಿತು. ಇನ್ನು ಇದು ಕೆಟ್ಟರೆ ನನ್ನ ಗತಿ ಏನ್ರೀ ಅಂತ ಅವರ ಮೇಲೆ ರೇಗಿದೆ. ಹರಿವಾಣ ತೊಳೆಯುತ್ತಿದ್ದವರು ತಲೆಯೂ ಎತ್ತದೆ ಅಂದರು:

"ಅಭಿಷೇಕದ ಫಲ ಮೂಲದೇವರಿಗೇ ಸಲ್ಲೋದು ಸಾರ್. ನೋಡ್ತಿರಿ, ಅದು ಹೇಗೆ ಓಡುತ್ತೆ ಅಂತ."

ಅದು ಓಡಿತು ಅನ್ನುವುದೇ ನನ್ನ ಹೊಟ್ಟೆಯುರಿ.

೪. ತನಿಖೆ

ಹೀಗೆ ನಾಲ್ಕು ಊರಿಗೆ ಉಳಿದದ್ದು ಒಂದೇ ಒಂದು ಹೆಚ್ಚುವರಿ ಕಾರ್ಡು, ನಾಗಮಂಗಲದ್ದು. ಅದರ ಬಲಮೂಲೆಗೆ ಗುರುತಿಗೆಂದು ಕೆಂಪು ಬಣ್ಣದ ಚುಕ್ಕೆ ಇಟ್ಟು, ಯಾರೂ ಮುಟ್ಟದ ಹಾಗೆ ನಾನೇ ಕಾಯುತ್ತಿದ್ದೆ. ಅಷ್ಟರಲ್ಲಿ ದೊಡ್ಡ ಸಾಹೇಬರ ಕರೆ ಬಂತು.

"ಬೆಂಗಳೂರಿಂದ ತನಿಖೆಗೆ ಬರ್ತಿದಾರೆ. ನಾಲ್ಕೂ ಕಡೆ ಜೋಡಿ ಕಾರ್ಡು ಇದೆಯಾ ಅಂತ ಒಂದೇ ದಿನ ನೋಡಿಕೊಂಡು ಹೋಗ್ತಾರೆ. ನಾಲ್ಕೂ ಕಡೆ ಕಾಣಬೇಕು."

"ಸಾರ್, ಮೂರು ಕಡೆ ಇಲ್ಲವೇ ಇಲ್ಲ ಅಂತ ನಿಮಗೆ ಬರೆದಿದ್ದೀನಲ್ಲ."

"ಇಲ್ಲ ಅನ್ನೋದು ಬೇರೆ, ಕಾಣಲ್ಲ ಅನ್ನೋದು ಬೇರೆ. ಕಾಣದಿದ್ದರೆ ಮೂರನೇ ಮೆಮೊ. ಆಮೇಲೆ ಪಾಂಡವಪುರ ಮರೆತುಬಿಡು."

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆಗೆ ಬುದ್ಧಿ ಬಂತು, ಅಥವಾ ಹೋಯಿತು. ತನಿಖೆ ಸಾಹೇಬರು ಶ್ರೀರಂಗಪಟ್ಟಣದ ಕಡೆಯಿಂದ ಶುರು ಮಾಡಿ ಪಾಂಡವಪುರ, ಕೆ.ಆರ್. ಪೇಟೆ ಮೇಲೆ ನಾಗಮಂಗಲಕ್ಕೆ ಬಂದು ಮುಗಿಸುತ್ತಾರೆ. ಒಂದು ಕಾರ್ಡು, ನಾಲ್ಕು ಊರು. ಅವರಿಗಿಂತ ಒಂದು ಹೆಜ್ಜೆ ಮುಂದೆ ಕಾರ್ಡು ಹೋಗುತ್ತಿದ್ದರೆ ಆಯಿತಲ್ಲ! ನಾಗಮಂಗಲದ ಕಾರ್ಡು ಕಿತ್ತು, ಒಳ್ಳೆಯ ದಪ್ಪ ಟವಲಿನಲ್ಲಿ ಸುತ್ತಿಕೊಂಡು ಹೊರಟೆ.

ಮೊದಲ ಊರು ಸಲೀಸು. ತನಿಖೆ ಸಾಹೇಬರು ದುಂಡಗಿದ್ದರು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಒಂದು ಫೈಲು. ಪೆಟ್ಟಿಗೆಯ ಮುಂದೆ ನಿಂತು, "ಎರಡೂ ದೀಪ ಉರೀತಿದೆ. ಗುಡ್" ಅಂದರು. ಕಾರ್ಡು ಸುಸ್ಥಿತಿಯಲ್ಲಿದೆ ಅಂತ ಫೈಲಿನಲ್ಲಿ ನನ್ನ ಸೈನು ಹಾಕಿಸಿಕೊಂಡರು. ಯಜಮಾನರು ಅವರನ್ನು ತಿಂಡಿಗೆ ಕರೆದುಕೊಂಡು ಹೋದರು. ಸಾಹೇಬರ ಎರಡನೇ ಇಡ್ಲಿ ಮುಗಿಯುವಷ್ಟರಲ್ಲಿ ಕಾರ್ಡೂ ನಾನೂ ಬಸ್ಸಿನಲ್ಲಿದ್ದೆವು.

ಪಾಂಡವಪುರದ್ದೂ ಆಯಿತು, ಸೈನೂ ಆಯಿತು. ಕಾರ್ಡು ಕಿತ್ತುಕೊಂಡು ರಸ್ತೆಗೆ ಓಡಿ ಬಂದರೆ ಕೆ.ಆರ್. ಪೇಟೆ ಬಸ್ಸು ಧೂಳೆಬ್ಬಿಸಿಕೊಂಡು ಹೋಗೇಬಿಟ್ಟಿತು. ಇನ್ನೊಂದು ಬಸ್ಸು ಒಂದೂವರೆ ಗಂಟೆಗೆ. ಟವಲಿನ ಗಂಟು ತಬ್ಬಿಕೊಂಡು ನಿಂತೆ. ಎಲ್ಲ ಮುಗಿಯಿತು ಅಂದುಕೊಂಡಾಗ ಪಕ್ಕದಲ್ಲಿ ಜೀಪು ನಿಂತಿತು. ಒಳಗೆ ತನಿಖೆ ಸಾಹೇಬರು.

"ಏನಯ್ಯಾ, ಕೆ.ಆರ್. ಪೇಟೆಗಾ? ಹತ್ತು ಹತ್ತು."

ಹತ್ತಿ ಹಿಂದೆ ಕೂತೆ. ಗಂಟನ್ನು ಕಾಲಿನ ಹತ್ತಿರ ಇಟ್ಟುಕೊಂಡೆ.

"ಅದೇನಯ್ಯಾ ಟವಲಿನಲ್ಲಿ?"

"ದೇವರ ಪಟ ಸಾರ್" ಅಂತ ಬಾಯಿಗೆ ಬಂತು. ಯಾಕೆ ಬಂತೋ ಗೊತ್ತಿಲ್ಲ.

ಸಾಹೇಬರು ಬೆಚ್ಚಿಬಿದ್ದರು. "ದೇವರನ್ನ ಕಾಲಿನ ಹತ್ರ ಇಟ್ಕೋತಾರೇನಯ್ಯಾ? ಬುದ್ಧಿ ಬೇಡವಾ? ತಾ ಇಲ್ಲಿ."

ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದರು. ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡರು. ಕೆ.ಆರ್. ಪೇಟೆ ದಾಟಿ ಆ ಹಳ್ಳಿ ಸೇರುವ ತನಕ ಕೈ ತೆಗೆಯಲಿಲ್ಲ. ಹಳ್ಳ ಬಂದಾಗಲೆಲ್ಲ ಗಂಟನ್ನು ಮೇಲೆತ್ತಿ ಹಿಡಿದು, "ನಿಧಾನ ಕಣಯ್ಯಾ, ದೇವರಿದೆ" ಅಂತ ಡ್ರೈವರನ್ನು ಗದರುತ್ತಿದ್ದರು. ಇಲಾಖೆಯ ಯಾವ ಕಾರ್ಡಿಗೂ ಇಂಥ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಅಲ್ಲಿ ನಮ್ಮ ಪುಸ್ತಕದ ಇಂಜಿನಿಯರು ಹಾರ ಹಿಡಿದು ನಿಂತಿದ್ದರು. ಜೀವಮಾನದಲ್ಲಿ ಒಂದೇ ಸಲ ಆ ಮನುಷ್ಯ ಉಪಯೋಗಕ್ಕೆ ಬಂದದ್ದು ಅವತ್ತು. ಪ್ಲಾಸ್ಟಿಕ್ ಹೊದಿಸಿದ ಪುಸ್ತಕ ಬಿಚ್ಚಿ ಜಗಲಿಯ ಮೇಲೇ ಅರ್ಧ ಗಂಟೆ ಭಾಷಣ ಕೊಟ್ಟರು. ಅಷ್ಟರ ಒಳಗೆ ನಾನು ಜೀಪಿನಲ್ಲಿದ್ದ ಗಂಟು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ನುಗ್ಗಿ ಕಾರ್ಡು ಕೂರಿಸಿದೆ.

ತನಿಖೆ ಸಾಹೇಬರು ಒಳಗೆ ಬಂದರು. ಇಲ್ಲಿ ಅವರಿಗೆ ದೀಪ ಸಾಲದಾಯಿತು. ಎರಡನೇ ಕಾರ್ಡಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಾಡಿ ನೋಡುವ ಹಾಗೆ ನಿಂತರು.

"ಬೆಚ್ಚಗಿದೆ. ತುಂಬ ಹೊತ್ತಿನಿಂದ ಕೆಲಸ ಮಾಡ್ತಿದೆ" ಅಂದರು.

ಬೆಚ್ಚಗಿರದೆ ಏನು? ಒಂದು ಗಂಟೆ ಅವರ ತೊಡೆಯ ಮೇಲೇ ಇತ್ತಲ್ಲ!

ಸೈನು ಹಾಕಿ, ಅವರು ಎಳನೀರು ಕುಡಿಯುವಷ್ಟರಲ್ಲಿ ಹೇಗೆ ಕೀಳುವುದು, ಏನು ನೆಪ ಹೇಳುವುದು ಅಂತ ಪೆಟ್ಟಿಗೆಯ ಮುಂದೆ ಒದ್ದಾಡುತ್ತಿದ್ದೆ. ಜೀಪಿನಿಂದ ಸಾಹೇಬರೇ ಕೂಗಿದರು: "ಏನಯ್ಯಾ, ನಾಗಮಂಗಲಕ್ಕೂ ನೀನೇ ತಾನೆ? ಬಾ ಬೇಗ. ಪಟ ಮರೆತುಬಿಟ್ಟೀಯ ಜೋಕೆ!"

ಮರೆಯಲಿಲ್ಲ. ನಾಗಮಂಗಲದ ತನಕ ಮತ್ತೆ ಅವರ ತೊಡೆಯ ಮೇಲೆ. ಅಲ್ಲಿ ಸಾಹೇಬರು ಕಾಫಿ ಕುಡಿಯುವಷ್ಟರಲ್ಲಿ ಕಾರ್ಡು ತನ್ನ ಸ್ವಂತ ಜಾಗಕ್ಕೆ ಹೋಗಿ ಕೂತಿತು. ಅಲ್ಲೂ ಬೆರಳಿಟ್ಟು ನೋಡಿ, ಇದೂ ಬೆಚ್ಚಗಿದೆ ಅಂದರು. ನಾಲ್ಕನೇ ಸೈನು ಹಾಕಿದೆ. ವರದಿಯಲ್ಲಿ ಕೊನೆಗೆ ಹೀಗೆ ಬರೆದರು: "ನಾಲ್ಕೂ ಕಡೆ ಕಾರ್ಡುಗಳು ಉತ್ತಮವಾಗಿವೆ. ನಾಲ್ಕರ ಬಲಮೂಲೆಯಲ್ಲೂ ಒಂದೇ ಜಾಗದಲ್ಲಿ, ಒಂದೇ ಅಳತೆಯ ಕೆಂಪು ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿರುವ ಅಚ್ಚುಕಟ್ಟು ಇತರೆ ತಾಲ್ಲೂಕುಗಳಿಗೆ ಮಾದರಿ."

ಹದಿನೈದು ದಿನಕ್ಕೆ ವರ್ಗದ ಆರ್ಡರು ಬಂತು. ಪಾಂಡವಪುರ! ಐದು ವರ್ಷದ ತಪಸ್ಸು. ಹೆಂಡತಿಗೆ ಫೋನು ಮಾಡಿ ಹೇಳಿದೆ. ಅವಳು ಅವತ್ತೇ ಪಕ್ಕದ ಮನೆಗೆಲ್ಲ ಒಬ್ಬಟ್ಟು ಹಂಚಿಬಿಟ್ಟಳು. ಆಮೇಲೆ ನಾನು ಆರ್ಡರಿನ ಎರಡನೇ ಪ್ಯಾರಾ ಓದಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. "ಸದರಿ ನಾಲ್ಕು ಕಾರ್ಡುಗಳು ಅತ್ಯುತ್ತಮ ಸ್ಥಿತಿಯಲ್ಲಿರುವುದು ತನಿಖೆಯಿಂದ ತಿಳಿದುಬಂದಿರುವುದರಿಂದ, ಅವುಗಳನ್ನು ಕಾರ್ಡಿನ ಕೊರತೆ ಇರುವ ಬೇರೆ ಕಡೆಗೆ ಕಳುಹಿಸಬೇಕಾಗಿದೆ. ನಾಲ್ಕನ್ನೂ ಒಟ್ಟಿಗೆ ಸ್ಟೋರಿಗೆ ಒಪ್ಪಿಸಿ ರಸೀದಿ ಪಡೆದ ನಂತರವೇ ಈ ನೌಕರರನ್ನು ಬಿಡುಗಡೆ ಮಾಡತಕ್ಕದ್ದು."

ಕಾರ್ಡು ಚೆನ್ನಾಗಿ ಕಾಯುತ್ತಿದೆ, ಅದಕ್ಕೇ ಅದನ್ನು ಕಿತ್ತುಕೊಂಡು ಬನ್ನಿ! ಇಂಥ ತಲೆಗಳಿಗೆ ಮಾಲೆ ಹಾಕಬೇಕು.

ದೊಡ್ಡ ಸಾಹೇಬರ ಹತ್ತಿರ ಓಡಿದೆ. "ಸಾರ್, ಇರೋದು ಒಂದೇ ಕಾರ್ಡು ಅಂತ ನಿಮಗೆ ಗೊತ್ತಲ್ಲ, ಒಂದು ಮಾತು ಹೇಳಿ ಸಾರ್."

"ನನಗೇನೂ ಗೊತ್ತಿಲ್ಲಪ್ಪಾ" ಅಂದರು, ಹಲ್ಲುಕಡ್ಡಿ ಆಡಿಸುತ್ತ. "ನಾಲ್ಕು ಕಡೆ ಸೈನು ಹಾಕಿದವನು ನೀನು. ನಾಲ್ಕು ತಂದಿಡು, ಹೋಗು. ನಾನು ಅಡ್ಡ ಬರಲ್ಲ."

ಇಲ್ಲ ಅಂದರೆ ಸುಳ್ಳು ಸೈನು ಹಾಕಿದ ಅಪರಾಧ, ನೌಕರಿಗೇ ಕುತ್ತು. ಇದೆ ಅಂದರೆ ತಂದಿಡಬೇಕು. ಮೂರು ಕಾರ್ಡು ಎಲ್ಲಿಂದ ಹಡೆಯಲಿ? ನಾಗಮಂಗಲದಲ್ಲೇ ಉಳಿದೆ. ಸಾಯಂಕಾಲ ಹೆಂಡತಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಟವಲು, ಜೀಪು, ತೊಡೆ, ಬೆಚ್ಚಗಿದ್ದದ್ದು, ಎಲ್ಲಾ. ಆ ಕಡೆ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಂತ ಹೆದರಿಕೆಯಾಯಿತು.

"ಏನೇ, ಏನಾದ್ರೂ ಹೇಳೇ" ಅಂದೆ.

"ಏನು ಹೇಳಲಿ ರೀ? ಇಲ್ಲದ ಕಾರ್ಡನ್ನ ಒಂದೇ ಒಂದು ದಿನ ಇದೆ ಅಂತ ತೋರಿಸಿ ನೀವು ಇಷ್ಟು ಒದ್ದಾಡ್ತಿದೀರ. ಇಲ್ಲದ ಗಂಡನ್ನ ಐದು ವರ್ಷದಿಂದ ಇದಾರೆ ಇದಾರೆ ಅಂತ ಈ ಬೀದಿಗೆಲ್ಲ ತೋರಿಸ್ಕೊಂಡು ಬಂದಿದೀನಿ ನಾನು. ಒಬ್ಬರಾದ್ರೂ ಬಂದು ರಸೀದಿ ಕೇಳಿದಾರಾ?"